ಹೊಸ ಕ್ಯಾಮೆರಾಗೆ ಚಂದಾ ಎತ್ತುವ ಮುನ್ನ



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಯುವಜನರ ಸಭೆಯಲ್ಲಿ ಒಂದು ಪ್ರಸ್ತಾಪ ಬಂತು. ಈ ಸಲದ ಹಬ್ಬದ ವಿಡಿಯೋಗೆ ಹೊಸ ಕ್ಯಾಮೆರಾ ಬೇಕು, ಲೆನ್ಸೂ ಸೇರಿ ಒಂದೂವರೆ ಲಕ್ಷ ಆಗುತ್ತದೆ, ನಮ್ಮದು ಎಪ್ಪತ್ತೈದು ಮನೆ, ಮನೆಗೆ ಎರಡು ಸಾವಿರದಂತೆ ಎತ್ತಿದರೆ ಮುಗಿಯಿತು ಎಂದರು. ಹೆಚ್ಚಿನವರು ಕೈ ಎತ್ತಿದರು. ನಾನು ಎತ್ತಲಿಲ್ಲ. ಯಾಕೆಂದು ಹೇಳಲು ಹೋದರೆ, "ಏನಣ್ಣಾ, ಇನ್ನೂ ಆ ಹಳೇ ಸಾಮಾನು ಇಟ್ಕೊಂಡು ಎಷ್ಟು ದಿನ ಒದ್ದಾಡ್ತೀಯಾ?" ಎಂದು ನಕ್ಕರು. ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯುವುದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು ಆಡಿಬಿಡೋಣ. ಸೆಟ್ಟೂರು, ಕಲ್ಯಾಣದುರ್ಗದ ಈ ಸೀಮೆ ಎಂಥದ್ದೆಂದು ಹೊರಗಿನವರಿಗೆ ಹೇಳಬೇಕು, ನಿಮಗೆ ಹೇಳಬೇಕಿಲ್ಲ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್. ಅದೂ ಬಿದ್ದರೆ. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಾ ಕೂರುವವರು ನಮ್ಮ ಹಿರಿಯರು. ಬೆಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಸ್ಸು ಹತ್ತುವವರು ನಮ್ಮ ಅಣ್ಣಂದಿರು. 2024–25ರಲ್ಲಿ ಆಂಧ್ರದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 300 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಎರಡು ಸಾವಿರ ಅಂದರೆ ಒಬ್ಬ ತಾಯಿ ಬಿಸಿಲಲ್ಲಿ ಮಣ್ಣು ಹೊತ್ತ ಹತ್ತಿರ ಹತ್ತಿರ ಏಳು ದಿನ. ಒಂದೂವರೆ ಲಕ್ಷ ಅಂದರೆ ಐನೂರು ದಿನದ ಕೂಲಿ. ಬಡ ವಿಧವೆಯ ಎರಡು ಕಾಸಿನ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿ ಬೆಳೆದವರು. ಆ ವಿಧವೆ ಕೊಟ್ಟಳು, ನಿಜ. ಆದರೆ ಅವಳ ಮನೆ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಹೋಗಿ, "ಅಮ್ಮಾ, ಹಿಂದಿನದು ಮಸುಕಾಗಿ ಕಾಣೋ ಲೆನ್ಸ್ ಬೇಕು" ಎಂದು ಯಾರೂ ಕೇಳಿರಲಿಲ್ಲ.

ಇನ್ನು ಈ ವಿಡಿಯೋ ಯಾರಿಗಾಗಿ? ಅದನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ. ನಾವು ಈ ಕೆಲಸ ಶುರು ಮಾಡಿದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಪಾಸ್ಖ ಹಬ್ಬ ಎಲ್ಲವೂ ಖಾಲಿ ಬೆಂಚುಗಳ ಮುಂದೆ ನಡೆದವು. ಫೋನನ್ನು ಬೆಂಚಿನ ಮೇಲೆ ಎರಡು ಕೀರ್ತನೆ ಪುಸ್ತಕಗಳ ನಡುವೆ ಸಿಕ್ಕಿಸಿ ಬಲಿಪೂಜೆ ತೋರಿಸಿದೆವು. ಆ ಚಿತ್ರ ಚೆನ್ನಾಗಿರಲಿಲ್ಲ. ಆದರೂ ಮನೆಗಳಲ್ಲಿ ಜನ ಅದರ ಮುಂದೆ ಮೊಣಕಾಲೂರಿದರು. ಬೀಗ ತೆಗೆದ ಮೇಲೂ ಕೆಲಸ ನಿಲ್ಲಿಸಲಿಲ್ಲ, ಯಾಕೆಂದರೆ ಕೆಲವರಿಗೆ ಬೀಗ ತೆಗೆದಿರಲೇ ಇಲ್ಲ. ಸೊಂಟ ಮುರಿದು ಮಲಗಿದ ಅಜ್ಜಿ, ಡಯಾಲಿಸಿಸ್‌ಗೆ ಓಡಾಡುವ ಮಾವ, ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಭಾನುವಾರವೂ ರಜೆ ಇಲ್ಲದ ಹುಡುಗರು. ನಮ್ಮ ವೀಕ್ಷಕರು ಇವರು.

ಅಸ್ಸಿಸಿಯ ಸಂತ ಕ್ಲಾರಾ ದೂರದರ್ಶನದ ಪಾಲಕ ಸಂತಳೆಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾಯಿಲೆಯಿಂದ ಏಳಲಾಗದೆ ಮಲಗಿದ್ದ ಅವಳಿಗೆ ಕ್ರಿಸ್ತಜಯಂತಿಯ ರಾತ್ರಿ ದೂರದ ದೇವಾಲಯದ ಆರಾಧನೆ ಕಂಡಿತು, ಹಾಡು ಕೇಳಿಸಿತು ಎಂಬ ಐತಿಹ್ಯವಿದೆ. ಅದನ್ನು ನೆನೆದೇ ಪೋಪ್ 12ನೇ ಪಿಯುಸ್ 1950ರ ದಶಕದ ಕೊನೆಯಲ್ಲಿ ಅವಳಿಗೆ ಆ ಸ್ಥಾನ ಕೊಟ್ಟರು. ಹಾಸಿಗೆ ಹಿಡಿದವಳೊಬ್ಬಳು ನಮ್ಮ ಕೆಲಸದ ಪಾಲಕಿ. ಸಭೆಯಲ್ಲಿ ನಾವು ಅವಳನ್ನು ಬಿಟ್ಟು ಬೆಂಗಳೂರಿನ ದೊಡ್ಡ ದೇವಾಲಯದ ಯೂಟ್ಯೂಬ್ ಚಾನೆಲ್ಲನ್ನು ನೆನೆದೆವು.

ಇಷ್ಟು ವರ್ಷಗಳಲ್ಲಿ ನಮಗೆ ಬಂದ ದೂರುಗಳನ್ನು ನೆನಪು ಮಾಡಿಕೊಳ್ಳಿ. "ಫಾದರ್ ಪ್ರಬೋಧನೆ ಕೇಳಿಸಲಿಲ್ಲ." "ಹಾಡು ಗೊಯ್ ಅಂತಿತ್ತು." "ಮಧ್ಯದಲ್ಲಿ ನಿಂತುಹೋಯ್ತು." "ಪಟ ನಡುಗ್ತಿತ್ತು." "ಕತ್ತಲು ಕತ್ತಲು." ಇಷ್ಟೇ. "ಫೋರ್ ಕೆ ಇರಲಿಲ್ಲ" ಎಂದು ಯಾವ ಅಜ್ಜಿಯೂ ಹೇಳಲಿಲ್ಲ. ಈ ಐದು ದೂರುಗಳಲ್ಲಿ ಒಂದಕ್ಕಾದರೂ ಒಂದೂವರೆ ಲಕ್ಷದ ಕ್ಯಾಮೆರಾ ಔಷಧಿಯೇ? ಒಂದೊಂದಾಗಿ ನೋಡೋಣ.

ಕತ್ತಲಿನಿಂದ ಶುರು ಮಾಡುತ್ತೇನೆ. ನಮ್ಮ ಹತ್ತಿರ ಇರುವುದು ಸೆಕೆಂಡ್‌ಹ್ಯಾಂಡ್ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ ಸಾಧಾರಣ ಜೂಮ್ ಲೆನ್ಸ್. ಹಿಂದಿನಿಂದ ಜೂಮ್ ಮಾಡಿದರೆ ಆ ಲೆನ್ಸಿನ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಸಂಜೆ ಆರಾಧನೆಗೆ ಅದು ಸಾಲದು, ನಾನೂ ಒಪ್ಪುತ್ತೇನೆ. ಆದರೆ ತಪ್ಪು ಲೆನ್ಸಿನದು, ಕ್ಯಾಮೆರಾದ್ದಲ್ಲ. ಸ್ಟುಡಿಯೋ ಮುಚ್ಚಿದ ಹಿರಿಯರೊಬ್ಬರು ದೇವಾಲಯಕ್ಕೆ ಕೊಟ್ಟ ಎರಡು ಹಳೆಯ ಲೆನ್ಸುಗಳು ಸಕ್ರಿಸ್ತಿಯ ಬೀರುವಿನಲ್ಲಿ ಮೇಣದಬತ್ತಿ ಡಬ್ಬದ ಹಿಂದೆ ಬಿದ್ದಿದ್ದವು: ಒಂದು ನಿಕಾನ್ 50 ಎಂ.ಎಂ. ಎಫ್ 1.8, ಇನ್ನೊಂದು ತಿರುಪು ಹಾಕುವ ಮಾದರಿಯ 135 ಎಂ.ಎಂ. ಬೆಳಕಿನ ಲೆಕ್ಕ ಸರಳ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಸುಮಾರು 9.7 ಬರುತ್ತದೆ. ಅಂದರೆ ಆ ಹಳೇ ಲೆನ್ಸು ಜೂಮ್ ಲೆನ್ಸಿಗಿಂತ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಬೀರುವಿನಲ್ಲಿ ಧೂಳು ತಿನ್ನುತ್ತಿದ್ದದ್ದು ಅದು.

"ಅದು ನಮ್ಮ ಕ್ಯಾಮೆರಾಗೆ ಕೂರಲ್ಲವಲ್ಲ?" ಎಂದು ಕೇಳುತ್ತೀರಿ. ಕೂರುತ್ತದೆ, ನಡುವೆ ಅಡಾಪ್ಟರ್ ಬೇಕು. ಪ್ರತಿ ಲೆನ್ಸಿಗೂ ತನ್ನ ಬುಡದಿಂದ ಸೆನ್ಸರ್‌ವರೆಗೆ ಇಷ್ಟೇ ದೂರ ಇರಬೇಕೆಂಬ ಅಳತೆ ಇದೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟಿಗೆ ಅದು 46.5 ಮಿಲಿಮೀಟರ್. ಕ್ಯಾನನ್ 1987ರಲ್ಲಿ ತಂದ ಇಎಫ್ ಮೌಂಟಿಗೆ 44. ತಿರುಪು ಮಾದರಿಯ ಎಂ42ಕ್ಕೆ 45.46. ಈ ಕ್ಯಾಮೆರಾಗಳ ಒಳಗೆ ಕನ್ನಡಿ ಇತ್ತು, ಅದು ಮೇಲೆದ್ದು ಇಳಿಯಲು ಜಾಗ ಬೇಕಿತ್ತು. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ, ದೂರ ಕಡಿಮೆ. ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಜೆಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ನಿಕಾನ್ ಎಫ್ ಲೆನ್ಸನ್ನು ಸೋನಿ ಇ ಮೌಂಟಿಗೆ ಹಾಕಬೇಕೆಂದರೆ ಉಳಿಯುವ 28.5 ಮಿಲಿಮೀಟರ್ ತುಂಬಬೇಕು. ಸಾದಾ ಅಡಾಪ್ಟರ್ ಅಂದರೆ ಅಷ್ಟು ಉದ್ದದ ಟೊಳ್ಳು ಉಂಗುರ, ಒಳಗೆ ಗಾಜಿಲ್ಲ. ಗಾಜಿಲ್ಲದ ಮೇಲೆ ಚಿತ್ರ ಕೆಡಿಸಲು ಅದಕ್ಕೆ ದಾರಿಯೂ ಕಡಿಮೆ. "ಅಡಾಪ್ಟರ್ ಹಾಕಿದರೆ ಕ್ವಾಲಿಟಿ ಹೋಗುತ್ತೆ" ಎಂದು ಸಭೆಯಲ್ಲಿ ಹೇಳಿದ ತಮ್ಮ ಆ ಉಂಗುರದೊಳಗೆ ಒಂದು ಸಲ ಬೆರಳು ತೂರಿಸಿ ನೋಡಲಿ.

ಹಾಗೆಂದು ಅಡಾಪ್ಟರ್ ದೇವದೂತನೇನೂ ಅಲ್ಲ. ನಾನು ಕೆಟ್ಟು ಕಲಿತದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಉಂಗುರ ಸಡಿಲವಿತ್ತು. ಫೋಕಸ್ ತಿರುಗಿಸಿದರೆ ಲೆನ್ಸೇ ಅಲ್ಲಾಡಿ ಪಟ ಹಾರುತ್ತಿತ್ತು. ವಾಪಸ್ ಮಾಡಿದೆ. ಉಂಗುರ ಕೂದಲೆಳೆಯಷ್ಟು ಉದ್ದವಾದರೆ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗುವುದಿಲ್ಲ. ಅದಕ್ಕೇ ಕೊಂಡ ದಿನವೇ ದೇವಾಲಯದ ಹೊರಗೆ ನಿಂತು ದೂರದ ಗಾಳಿಯಂತ್ರಕ್ಕೆ ಫೋಕಸ್ ಮಾಡಿ ನೋಡಿ. ಒಳಮೈ ಹೊಳೆಯುತ್ತಿದ್ದರೆ ಕಿಟಕಿ ಬೆಳಕು ಅದಕ್ಕೆ ಬಡಿದು ಚಿತ್ರ ಬೆಳ್ಳಗಾಗುತ್ತದೆ. ನಾನು ಕಪ್ಪು ಮಖಮಲ್ ತುಂಡು ಅಂಟಿಸಿದೆ. ಕ್ಯಾನನ್ ಇಎಫ್ ಲೆನ್ಸಿಗೆ ಸಾದಾ ಉಂಗುರ ತರಬೇಡಿ, ಅದರ ಬಾಯಿ ತೆರೆದು ಮುಚ್ಚುವುದು ಕರೆಂಟಿನಿಂದ. ಕರೆಂಟ್ ಹೋಗದಿದ್ದರೆ ಅದು ಪೂರ್ತಿ ತೆರೆದೇ ಇರುತ್ತದೆ. ಅಪರ್ಚರ್ ಉಂಗುರ ಲೆನ್ಸಿನ ಮೇಲೆಯೇ ಇರುವ ಹಳೆಯವು ನಮಗೆ ಸರಿ. ಕ್ಯಾಮೆರಾದ ಮೆನುವಿನಲ್ಲಿ "ಲೆನ್ಸ್ ಇಲ್ಲದೆಯೂ ಕೆಲಸ ಮಾಡು" ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ ಕ್ಯಾಮೆರಾ ಈ ಲೆನ್ಸನ್ನು ಗುರುತಿಸುವುದೇ ಇಲ್ಲ. ನಾನು ಅರ್ಧ ದಿನ ಅಡಾಪ್ಟರ್ ಕೆಟ್ಟಿದೆ ಎಂದುಕೊಂಡು ಕೂತಿದ್ದೆ.

ಇನ್ನೊಂದು ಶತ್ರು ನಮ್ಮ ಕೆಂಪು ಧೂಳು. ಅಗ್ಗದ ಉಂಗುರಗಳಿಗೆ ರಬ್ಬರ್ ಅಂಚು ಇರುವುದಿಲ್ಲ. ಮೆರವಣಿಗೆಯಲ್ಲಿ, ಬಯಲಲ್ಲಿ ಲೆನ್ಸ್ ಬದಲಿಸುವುದು ಬೇಡವೇ ಬೇಡ. ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ, ಕೋಣೆಯೊಳಗೆ ಬದಲಿಸಿ. ಹಳೆಯ ಲೆನ್ಸ್ ಕೊಳ್ಳುವವರು ಟಾರ್ಚ್ ಹಾಕಿ ಒಳಗೆ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಕರಾವಳಿ ಕಡೆಯಿಂದ ಬಂದ ಲೆನ್ಸುಗಳಲ್ಲಿ ಇದನ್ನು ತಪ್ಪದೆ ನೋಡಿ. ನಮ್ಮ ಸೀಮೆಯ ಒಣ ಹವೆ ಬೇರೆ ಯಾವುದಕ್ಕೆ ಒಳ್ಳೆಯದೋ ಇಲ್ಲವೋ, ಲೆನ್ಸಿಗೆ ಒಳ್ಳೆಯದು.

ಸಭೆಯಲ್ಲಿ ಕೆಲವರು "ಸ್ಪೀಡ್ ಬೂಸ್ಟರ್" ಹೆಸರು ತೆಗೆದರು. 2013ರಲ್ಲಿ ಮೆಟಾಬೋನ್ಸ್ ತಂದ ಆ ಬಗೆಯ ಅಡಾಪ್ಟರಿನಲ್ಲಿ ಗಾಜಿದೆ. ಚಿತ್ರವನ್ನು 0.71ರಷ್ಟು ಕುಗ್ಗಿಸಿ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು ಕೊಡುತ್ತದೆ. ಒಳ್ಳೆಯ ವಸ್ತುವೇ. ಆದರೆ ಅದರ ದುಡ್ಡಿಗೆ ಪೀಠದ ಮೇಲೆ ಎರಡು ಒಳ್ಳೆಯ ಎಲ್ಇಡಿ ದೀಪ ಹಾಕಿದರೆ ವಾಚನ ಓದುವ ಅಜ್ಜನಿಗೂ ಅಕ್ಷರ ಕಾಣುತ್ತದೆ. ನಮ್ಮ ಕನ್ನಡದವರೇ ಆದ ವಿ. ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋ ಒಳಗೆ ತಂದರು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಮೈಸೂರಿನಲ್ಲಿ ಹುಟ್ಟಿದ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ. ಕನ್ನಡಿ ಹಿಡಿದದ್ದಕ್ಕೆ ಅವರಿಗೆ ನಾಚಿಕೆಯಾಗಲಿಲ್ಲ. ನಮಗೆ ಉಂಗುರ ಹಾಕಲು ನಾಚಿಕೆ!

"ಅಣ್ಣಾ, ಆಟೋಫೋಕಸ್ ಇರಲ್ಲ" ಎಂಬುದು ದೊಡ್ಡ ಆಕ್ಷೇಪ. ನಿಜ, ಇರುವುದಿಲ್ಲ. ಆದರೆ ಬಲಿಪೂಜೆಯಲ್ಲಿ ಓಡುವವರು ಯಾರು? ಪೀಠ ಅಲ್ಲೇ ಇರುತ್ತದೆ, ವಾಚನ ವೇದಿಕೆ ಅಲ್ಲೇ ಇರುತ್ತದೆ, ಗಾನವೃಂದ ಅಲ್ಲೇ ಕೂತಿರುತ್ತದೆ. ಮೂರು ಜಾಗ, ಮೂರು ದೂರ. ಲೆನ್ಸಿನ ಉಂಗುರದ ಮೇಲೆ ಬಿಳಿ ಟೇಪಿನಲ್ಲಿ ಮೂರು ಗೆರೆ ಹಾಕಿ. ಹತ್ತನೇ ತರಗತಿಯ ಹುಡುಗಿ ಎರಡು ಭಾನುವಾರದಲ್ಲಿ ಕಲಿತಳು, ನಾನೇ ಕಲಿಸಿದ್ದೇನೆ. ಹಳೇ ಲೆನ್ಸಿನ ಉಂಗುರ ಉದ್ದಕ್ಕೆ ತಿರುಗುವುದರಿಂದ ಕೈ ಕುಳಿತರೆ ನಿಧಾನವಾಗಿ, ಅಂದವಾಗಿ ಫೋಕಸ್ ಬದಲಾಗುತ್ತದೆ. ಆಟೋಫೋಕಸ್ಸು ಧೂಪದ ಹೊಗೆ ಎದ್ದಾಗ ಏನು ಮಾಡಿತೆಂದು ಕಳೆದ ಪವಿತ್ರ ವಾರದ ವಿಡಿಯೋ ತೆಗೆದು ನೋಡಿ, ಹೊಗೆಯನ್ನೇ ಹುಡುಕುತ್ತಾ ಅಲೆದಾಡಿದೆ. ಮೆರವಣಿಗೆಗೆ, ಮಕ್ಕಳ ಆಟಕ್ಕೆ ಆಟೋಫೋಕಸ್ ಬೇಕು. ಅದಕ್ಕೆ ನಿಮ್ಮ ಜೇಬಿನ ಫೋನ್ ಸಾಕು.

ಈಗ 135ರ ಮಾತು. ಇದನ್ನು ಸ್ವಲ್ಪ ಕೋಪದಿಂದಲೇ ಹೇಳುತ್ತೇನೆ. ನಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ ಅದರಲ್ಲಿ 135 ಎಂ.ಎಂ. ಸುಮಾರು 200ರಂತೆ ಕಾಣುತ್ತದೆ. ಕೊನೆಯ ಬೆಂಚಿನ ಹಿಂದೆ ಟ್ರೈಪಾಡ್ ಇಟ್ಟರೆ ಫಾದರ್ ಕೈಗಳವರೆಗೆ ಕಾಣುತ್ತದೆ. ಈಗ ನಾವು ಏನು ಮಾಡುತ್ತಿದ್ದೇವೆ? ರೊಟ್ಟಿ ಎತ್ತಿ ಹಿಡಿಯುವ ಹೊತ್ತಿಗೆ ಪೀಠದ ಮೆಟ್ಟಿಲ ಮೇಲೆ ಒಬ್ಬ, ಬದಿಯಲ್ಲಿ ಗಿಂಬಲ್ ಹಿಡಿದ ಇನ್ನೊಬ್ಬ. ಎದುರು ಕೂತ ಜನಕ್ಕೆ ಕಾಣುವುದು ನಮ್ಮ ಬೆನ್ನು, ಅಂಗಿ ಹಿಂದೆ ಬರೆದ ಹೆಸರು. ಮದುವೆಯಲ್ಲಿ ಇದನ್ನು ಸ್ಟುಡಿಯೋದವರು ಮಾಡಿದರೆ ಬೈಯುತ್ತೇವೆ. ನಾವೇ ಮಾಡಿದರೆ ಸೇವೆ ಎನ್ನುತ್ತೇವೆ. ಹೊಸ ಕ್ಯಾಮೆರಾ ಬಂದರೆ ಅದರ ಚಿಕ್ಕ ಲೆನ್ಸಿನೊಂದಿಗೆ ಇನ್ನೂ ಹತ್ತಿರ ಹೋಗಿ ನಿಲ್ಲುತ್ತೇವೆ. ಹಾಸಿಗೆಯಲ್ಲಿರುವ ಒಬ್ಬರಿಗೆ ತೋರಿಸಲು ದೇವಾಲಯದಲ್ಲಿರುವ ನೂರು ಜನಕ್ಕೆ ಅಡ್ಡ ನಿಲ್ಲುವುದು ಸೇವೆಯಲ್ಲ.

ಉಳಿದ ದೂರುಗಳು ಕೇಳಿಸದ್ದು, ಗೊಯ್ ಅಂದದ್ದು, ನಿಂತದ್ದು, ನಡುಗಿದ್ದು. ಕೇಳಿಸದ್ದಕ್ಕೂ ಗೊಯ್ ಅಂದದ್ದಕ್ಕೂ ಕಾರಣ ನಾವು ಹಿಂದಿನ ಗೋಡೆಯ ಬಳಿ ಇಟ್ಟ ಕ್ಯಾಮೆರಾದ ಮೈಕು. ಅದು ಫಾದರ್ ಮಾತಿಗಿಂತ ಫ್ಯಾನಿನ ಸದ್ದು, ಗೋಡೆಯ ಪ್ರತಿಧ್ವನಿಯನ್ನು ಹೆಚ್ಚು ಹಿಡಿಯುತ್ತದೆ. ಮೈಕ್‌ಸೆಟ್ಟಿನ ಮಿಕ್ಸರಿನಿಂದ ಒಂದು ಕೇಬಲ್ ಎಳೆದು ಹಳೆಯ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿ, ಆಮೇಲೆ ಜೋಡಿಸಿದರೆ ಮುಗಿಯಿತು. ಶುರುವಿನಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಜೋಡಿಸುವುದು ಸುಲಭ. ಮಧ್ಯೆ ನಿಂತದ್ದು ಕ್ಯಾಮೆರಾ ಕೆಟ್ಟಿದ್ದರಿಂದಲ್ಲ. ನಮ್ಮದರಂಥ ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಲ್ಲುತ್ತವೆ. ಪ್ರಬೋಧನೆ ಮುಗಿದ ಕೂಡಲೇ ಒಮ್ಮೆ ನಿಲ್ಲಿಸಿ ಮತ್ತೆ ಒತ್ತಿ. ನಡುಕಕ್ಕೆ ಟ್ರೈಪಾಡ್. ಟ್ಯೂಬ್‌ಲೈಟಿನಲ್ಲಿ ಪಟ್ಟೆ ಪಟ್ಟೆಯಾಗಿ ಮಿನುಗುವುದಕ್ಕೂ ಕ್ಯಾಮೆರಾ ಹೊಣೆಯಲ್ಲ. ನಮ್ಮ ದೇಶದ ಕರೆಂಟ್ 50 ಹರ್ಟ್ಜ್. ಶಟರನ್ನು ಐವತ್ತನೇ ಒಂದು ಸೆಕೆಂಡಿಗೆ, ಫ್ರೇಮನ್ನು 25ಕ್ಕೆ ಇಟ್ಟರೆ ಬಹುಪಾಲು ಹೋಗುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟನ್ನು ಸರಿಮಾಡಿಕೊಳ್ಳದೆ ಹೊಸ ನೆಲ ಹಾಸಿಸಿದರೂ ನಮ್ಮ ಕುಣಿತ ಅದೇ.

ನನಗೆ ಬಿದ್ದ ಖರ್ಚು ಹೇಳಿಬಿಡುತ್ತೇನೆ. ನಿಕಾನ್ ಲೆನ್ಸಿನ ಅಡಾಪ್ಟರ್ 1,600, ತಿರುಪು ಲೆನ್ಸಿನದು 1,400, ಸೆಕೆಂಡ್‌ಹ್ಯಾಂಡ್ ಟ್ರೈಪಾಡ್ 3,000, ಮೆಮೊರಿ ಕಾರ್ಡ್ 1,200, ಮಿಕ್ಸರ್ ಕೇಬಲ್ 450, ಮೈಕಿಗೆ ಗಾಳಿ ತಡೆಯುವ ಸ್ಪಂಜು 150. ಒಟ್ಟು 7,800 ರೂಪಾಯಿ. ಕೂಲಿಯ ಲೆಕ್ಕದಲ್ಲಿ 26 ದಿನ. ಐನೂರು ದಿನ ಎಲ್ಲಿ, ಇಪ್ಪತ್ತಾರು ದಿನ ಎಲ್ಲಿ?

"ಚಂದಾ ಬೇಡ ಬಿಡು, ಯಾರಾದರೂ ದಾನಿ ಕೊಡ್ತಾರೆ" ಎನ್ನುವವರೂ ಇದ್ದಾರೆ. ದಾನಿಯ ದುಡ್ಡೂ ಯಾರೋ ಬೆವರು ಸುರಿಸಿದ ದುಡ್ಡೇ. ಅವರನ್ನು ಕೇಳುವುದಾದರೆ ಪ್ಲಸ್ ಟೂ ಮುಗಿಸಿ ಫೀಸಿಲ್ಲದೆ ಮನೆಯಲ್ಲಿ ಕೂತ ಇಬ್ಬರು ಹುಡುಗಿಯರ ಹೆಸರು ಹೇಳಿ ಕೇಳೋಣ. ಕ್ಯಾಮೆರಾ ಮುಂದಿನ ವರ್ಷ ಹಳೆಯದಾಗುತ್ತದೆ, ಡಿಗ್ರಿ ಆಗುವುದಿಲ್ಲ.

ನಾನು ಹೊಸದರ ವೈರಿಯಲ್ಲ. ಒಂದು ವರ್ಷ ಪ್ರತಿ ಭಾನುವಾರ ತಪ್ಪದೆ, ಸ್ಪಷ್ಟ ಧ್ವನಿಯೊಂದಿಗೆ ವಿಡಿಯೋ ಹಾಕಿ ತೋರಿಸೋಣ. ಕನಿಷ್ಠ ನಾಲ್ಕು ಮಂದಿ, ಅದರಲ್ಲಿ ಇಬ್ಬರು ಹುಡುಗಿಯರು, ಕೆಲಸ ಕಲಿತಿರಲಿ. ಆಮೇಲೂ ಕ್ಯಾಮೆರಾವೇ ಅಡ್ಡಿ ಎಂದು ಗೊತ್ತಾದರೆ, ಯಾವುದಕ್ಕೆ ಅಡ್ಡಿ ಎಂದು ಬರೆದುಕೊಂಡು ಬನ್ನಿ. ಅವತ್ತು ರಸೀದಿ ಪುಸ್ತಕ ಹಿಡಿದು ಮೊದಲ ಮನೆಗೆ ನಾನೇ ಬರುತ್ತೇನೆ, ಮೊದಲ ಎರಡು ಸಾವಿರವೂ ನನ್ನದೇ.

ಅಲ್ಲಿಯವರೆಗೆ ಒಂದು ಬೇಡಿಕೆ. ಮುಂದಿನ ಸಭೆಗೆ ಮುಂಚೆ ನಮ್ಮ ವಿಡಿಯೋವನ್ನು ಆ ಸೊಂಟ ಮುರಿದ ಅಜ್ಜಿಯ ಮನೆಯಲ್ಲಿ, ಅವರ ಮೊಮ್ಮಗನ ಒಡೆದ ಗಾಜಿನ ಫೋನಿನಲ್ಲಿ, ಅವರ ಪಕ್ಕ ಕೂತು ಪೂರ್ತಿ ನೋಡಿ. ನಾನು ಹೋದ ವಾರ ನೋಡಿದೆ. ಅರ್ಧದಲ್ಲಿ ಅಜ್ಜಿ ಕೇಳಿದರು: "ಮಗಾ, ಫಾದರ್ ಏನಂದ್ರು?" ಅಂಗೈಯಗಲದ ಆ ಪರದೆಯಲ್ಲಿ ಒಂದೂವರೆ ಲಕ್ಷದ ಪಟಕ್ಕೂ ನಮ್ಮ ಪಟಕ್ಕೂ ವ್ಯತ್ಯಾಸ ನನಗೆ ಕಾಣುತ್ತಿರಲಿಲ್ಲ. ಅಜ್ಜಿಯ ಆ ಪ್ರಶ್ನೆ ಮಾತ್ರ ಚೆನ್ನಾಗಿ ಕೇಳಿಸಿತು.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಲೆನ್ಸು ಇದ್ದರೆ ಭಾನುವಾರ ತನ್ನಿ. ಯಾವ ಉಂಗುರ ಬೇಕೆಂದು ಒಟ್ಟಿಗೆ ಅಳೆದು ನೋಡೋಣ.